ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ ಚೀಲಗಳನ್ನು ಬರೆದದ್ದು

ಮೊದಲು ನಾನು ದಡ್ಡಿಯ ಹಾಗೆ
ಇಡೀ ಹಂಗಾಮನ್ನೇ ನೆನಪಿನಲ್ಲಿ ನಿಲ್ಲಿಸಲು ಹೋದೆ.
ನಲವತ್ತೊಂದು ಸಾವಿರ ಚೀಲ, ಚೀಲಕ್ಕೊಂದು ನಂಬರು,
ನಂಬರಿಗೊಂದು ತೋಟ, ತೂಕ, ತೇವಾಂಶ, ದರ್ಜೆ,
ಬೇರು ಕೊಂಬೆ ರೆಂಬೆ ಎಲ್ಲ ಕಟ್ಟಿ ಮುಗಿದ ಮೇಲೆ
ಒಂದೇ ಉಸಿರಿಗೆ ಫೈಲಿಗೆ ಸುರಿಯೋಣವೆಂದು.
ಇಪ್ಪತ್ತಾರು ಸಾವಿರಕ್ಕೆ ಕಂಪ್ಯೂಟರು ಉಬ್ಬಸ ಹಿಡಿದು ನಿಂತಿತು.
ಫೈಲು ತೆರೆದು ನೋಡಿದರೆ ಸೊನ್ನೆ ಬೈಟು.
ಒಂದು ಚೀಲವೂ ಇಲ್ಲ.

ಕಿಟಕಿಯಾಚೆ ತಕ್ಕಡಿಯ ಹತ್ತಿರ ಸೈದಲವಿ,
ನೆಲ್ಯಹುದಿಕೇರಿಯವರು, ಇಲ್ಲಿಗೆ ಹತ್ತೊಂಬತ್ತನೇ ಹಂಗಾಮು.
ಚೀಲ ಬರುತ್ತದೆ. ತೂಗುತ್ತಾರೆ, ಕೂಗುತ್ತಾರೆ, ಬರೆಯುತ್ತಾರೆ.
ಚೀಲ ಹೋಗುತ್ತದೆ.
ಈಗ ಹೋದದ್ದು ಎಷ್ಟಿತ್ತು ಎಂದು ಕೇಳಿದೆ ಒಮ್ಮೆ.
“ಪುಸ್ತಕದಲ್ಲಿದೆ. ತಲೆಯಲ್ಲಿಟ್ಟುಕೊಂಡರೆ
ಮುಂದಿನದು ಎಲ್ಲಿಡಲಿ?”

ಆ ರಾತ್ರಿ ಕಟ್ಟಿದ್ದೆಲ್ಲ ಕೆಡವಿದೆ.
ಬೆಳಿಗ್ಗೆ ವಾಚರ್ ಬೆಳ್ಯಪ್ಪ ಗೇಟು ತೆರೆದು ಕಲ್ಲು ಕೊಡುವ ಹಾಗೆ
ಹಂಗಾಮು ಎಂಬ ಟ್ಯಾಗು ತೆರೆದು ಹಾಗೇ ಬಿಟ್ಟೆ.
ಒಂದು ಚೀಲ ತಾ. ಬರೆ. ಹೊರಗೆ ನೂಕು. ಮರೆ.
ಇನ್ನೊಂದು ತಾ.

ಚೀಲವೆಂದರೆ ಏನೆಂದು ನಾನು ಬರೆದದ್ದಲ್ಲ.
ದೂರದ ಆಫೀಸು ಕಳಿಸಿದ ಸ್ಕೀಮಾ, ಅದರಿಂದ
ಯಂತ್ರವೇ ಹೆತ್ತ ಕ್ಲಾಸು, ಅದರ ನೆತ್ತಿಯ ಮೇಲೆ ಎಚ್ಚರಿಕೆ:
ಕೈಯಿಂದ ತಿದ್ದಬೇಡಿ. ಮತ್ತೆ ಹುಟ್ಟಿಸಿದಾಗ
ನಿಮ್ಮ ತಿದ್ದುಪಡಿ ಅಳಿದುಹೋಗುತ್ತದೆ.
ಗೋಡೆಯಾಚೆ ಗಾರ್ಬಲಿಂಗ್ ಹಾಲಿನಲ್ಲಿ
ಅರವತ್ತು ಹೆಂಗಸರು ಜರಡಿ ಬಿಟ್ಟ ತಪ್ಪನ್ನು
ಇಡೀ ದಿನ ಕೈಯಿಂದ ತಿದ್ದುತ್ತಿದ್ದರು:
ಕಪ್ಪಾದದ್ದು, ಒಡಕು, ಹುಳ ಕೊರೆದದ್ದು.

ಮೊದಲ ಸುತ್ತು ನಗೆಪಾಟಲು.
ಪ್ರತಿ ಚೀಲವೂ ಹೊರಬರುವಾಗ ಗಂಟಲು ಸರಿಮಾಡಿಕೊಂಡು
ಆವೃತ್ತಿ ಒಂದು, ಲಿಪಿ ಇಂಥದ್ದು ಎಂದು
ತಾನೇ ಇಡೀ ಗ್ರಂಥವೆಂಬಂತೆ ಪೀಠಿಕೆ ಹಾಕುತ್ತಿತ್ತು.
ಮೇಲೆ ಮನೆಹೆಸರು ಬೇರೆ, ಪ್ರತಿಯೊಂದಕ್ಕೂ, ಪೂರ್ತಿಯಾಗಿ,
ನಮ್ಮ ದೇಚಕ್ಕನ ಮದುವೆಯಲ್ಲಿ ಒಂದೇ ಒಕ್ಕದ ನಲವತ್ತು ಮಂದಿ
ಒಬ್ಬೊಬ್ಬರೂ ಒಕ್ಕದ ಹೆಸರಿನಿಂದಲೇ ಶುರುಮಾಡಿದ ಹಾಗೆ.
ಗೇಟಿನಲ್ಲಿ ಹೇಳಿ ಆಗಿದೆ, ಸಾಕು ಮಾರಾಯ್ರೆ!
ನೀನು ಇಡಿಯಲ್ಲ ಎಂದು ತಿಳಿಸಲು
ಒಂದು ಸಾಲು ಸೇರಿಸಿದೆ.
ತುಣುಕು: ಹೌದು.

ಆಮೇಲೆ ಸರಾಗ. ನೆನಪಿನ ಗೆರೆ
ಹಾರಂಗಿ ನಾಲೆಯ ಬೇಸಿಗೆ ನೀರಿನಷ್ಟು ಮಟ್ಟಸ.

ಹನ್ನೆರಡು ಸಾವಿರ ದಾಟಿದ ಮೇಲೆ ಒಂದು ಚೀಲ,
ಪುಸ್ತಕದಲ್ಲಿ ತೂಕದ ಪಕ್ಕ ಸೈದಲವಿಯ ಓರೆ ಅಕ್ಷರ:
ಹರಿದಿತ್ತು. ಹೊಲಿದೆ. ನೆಲದ್ದು ಹೆಕ್ಕಿ ಹಾಕಿದ್ದು ಜಾಜಿ.
ಕ್ಲಾಸಿನಲ್ಲಿ ತೂಕಕ್ಕೆ ಜಾಗವುಂಟು, ದರ್ಜೆಗುಂಟು,
ಹೊಲಿಗೆಗೆ ಇಲ್ಲ. ಜಾಜಿಗೆ ಇಲ್ಲ.
ಎರಡು ಚೀಲಗಳ ನಡುವಿನ ಸಂದಿಯಲ್ಲಿ
ಯಂತ್ರಗಳು ದಾಟಿಕೊಂಡು ಹೋಗುವ ಟಿಪ್ಪಣಿಯಾಗಿ ಅದನ್ನು ಬರೆದೆ.
ಸ್ಕೀಮಾ ಆಕ್ಷೇಪಿಸಲಿಲ್ಲ. ನೋಡಲೂ ಇಲ್ಲ.

ಮೂವತ್ತೊಂದು ಸಾವಿರದ ಇನ್ನೂರ ಆರರಲ್ಲಿ ಕರೆಂಟು ಹೋಯಿತು.
ಹಲ್ಲರ್ ಅರ್ಧ ಸದ್ದಿನಲ್ಲಿ ನಿಂತು
ಹೊಟ್ಟಿನ ದೂಳು ಮಾತ್ರ ಟಾರ್ಚಿನ ಬೆಳಕಲ್ಲಿ ತೇಲುತ್ತಿತ್ತು.
ಮತ್ತೆ ಸೊನ್ನೆಯೇ?
ಜನರೇಟರು ಬಂತು. ಫೈಲು ತೆರೆದೆ. ಇದ್ದವು,
ಇನ್ನೂರ ಐದರವರೆಗೂ, ಒಂದರ ಹಿಂದೊಂದು,
ತಂತಮ್ಮ ಬಾಯಿ ಹೊಲಿದುಕೊಂಡು.
ಆರನೆಯದು ತೂಕದ ನಡುವೆ ಕಡಿದಿತ್ತು:
೪೯, ಒಂದು ಚುಕ್ಕೆ, ಮುಂದೆ ಬಯಲು.
ಹಂಗಾಮು ಇನ್ನೂ ಬಾಗಿಲು ತೆರೆದೇ ಇತ್ತು.

ಅಲ್ಲಿಂದಲೇ ಹಿಡಿದು ಬರೆದೆ.
ಬೆಳಗಿನ ಸೈರನ್ನಿಗೆ ಮೊದಲು ಕೊನೆಯ ಸಾಲು,

</ಹಂಗಾಮು>

ಚಹಾದ ಹೊತ್ತಿಗೆ ಜಾಜಿ ಬಂದಳು,
ಉಗುರ ಸಂದಿಯಲ್ಲಿ ಬೆಳ್ಳಿಸಿಪ್ಪೆಯ ಪುಡಿ.
“ನನ್ನ ಹೆಸರು ಆಫೀಸಿಗೆ ಹೋಯಿತಂತೆ?
ಅಲ್ಲಿ ಓದುತ್ತಾರಾ?”
ಹೋಗಿದೆ ಎಂದೆ,
ಹನ್ನೆರಡು ಸಾವಿರದ ನಾನೂರ ಹದಿನೇಳರ ಆಚೆಗೆ.
ಆ ಒಂದು ನಂಬರನ್ನು ಮಾತ್ರ
ನಾನು ಮರೆತಿರಲಿಲ್ಲ.